ಸಿ ಭಾಷೆಯಲ್ಲಿ ಹಂಚಿಕೆಯ ಸ್ಮೃತಿಖಂಡಗಳ ನಿರ್ವಹಣೆ

ಗಣಕಯಂತ್ರವೊಂದರಲ್ಲಿ ಏಕಕಾಲಕ್ಕೆ ನಡೆಯುತ್ತಿರುವ ಹಲವು ಪ್ರೋಗ್ರಾಮುಗಳಲ್ಲಿ ಒಂದರ ಕೆಲಸವನ್ನು ಮತ್ತೊಂದು ಕೆಡಿಸದಂತೆ ನೋಡಿಕೊಳ್ಳುವುದು ಕಾರ್ಯಾಚರಣ ವ್ಯವಸ್ಥೆಯ ಮುಖ್ಯ ಕರ್ತವ್ಯಗಳಲ್ಲೊಂದು. ನಡೆಯುತ್ತಿರುವ ಪ್ರೋಗ್ರಾಮಿಗೆ ಪ್ರೊಸೆಸ್ ಅಥವಾ ಪ್ರಕ್ರಿಯೆ ಎಂದು ಹೆಸರು. ಒಂದೊಂದು ಪ್ರಕ್ರಿಯೆಗೂ ತನ್ನದೇ ಆದ ವಿಳಾಸಗಳ ಪ್ರಪಂಚವುಂಟು. ಒಂದು ಪ್ರಕ್ರಿಯೆಯಲ್ಲಿ ಸಾವಿರದನೆಯ ವಿಳಾಸವೆಂದರೆ ಒಂದು ಬೈಟು; ಇನ್ನೊಂದರಲ್ಲಿ ಅದೇ ಸಾವಿರದನೆಯ ವಿಳಾಸವೆಂದರೆ ಬೇರೆಯೇ ಒಂದು ಬೈಟು. ಹೀಗಿರುವುದರಿಂದಲೇ ಒಂದು ಪ್ರೋಗ್ರಾಮು ತಪ್ಪಿ ನಡೆದರೂ ನೆರೆಯ ಪ್ರೋಗ್ರಾಮು ಕ್ಷೇಮವಾಗಿರುತ್ತದೆ. ಆದರೆ ಎರಡು ಪ್ರಕ್ರಿಯೆಗಳು ಒಂದೇ ಕಾರ್ಯದಲ್ಲಿ ತೊಡಗಿ, ಒಂದರ ಫಲಿತಾಂಶ ಇನ್ನೊಂದಕ್ಕೆ ಬೇಕಾದಾಗ ಈ ಗೋಡೆಯೇ ಅಡ್ಡಿಯಾಗುತ್ತದೆ. ಆ ಗೋಡೆಯಲ್ಲಿ ತಿಳಿದು ತಿಳಿದೇ ಒಂದು ಬಾಗಿಲನ್ನಿಡುವ ಉಪಾಯವೇ ಹಂಚಿಕೆಯ ಸ್ಮೃತಿ.

ಮೆಮೊರಿ ಎಂಬುದಕ್ಕೆ ಇಲ್ಲಿ ಸ್ಮೃತಿ ಎಂಬ ಪದವನ್ನು ಬಳಸಿದೆ. ಮನು, ಯಾಜ್ಞವಲ್ಕ್ಯರ ಸ್ಮೃತಿಗಳನ್ನು ಬಲ್ಲವರಿಗೆ ಈ ಬಳಕೆ ವಿನೋದವಾಗಿ ತೋರಬಹುದು. ಆದರೆ ದಾಯಭಾಗದ ಪ್ರಶ್ನೆ, ಎಂದರೆ ಒಡೆಯನು ತೀರಿಕೊಂಡ ಮೇಲೆ ಸೊತ್ತು ಯಾರ ಪಾಲಿಗೆಂಬ ಪ್ರಶ್ನೆ, ಆ ಸ್ಮೃತಿಗಳಲ್ಲಿರುವಂತೆಯೇ ಈ ಸ್ಮೃತಿಯಲ್ಲಿಯೂ ಉಂಟೆಂಬುದು ಮುಂದೆ ತಿಳಿದುಬರುವುದು. ಪಠ್ಯಪುಸ್ತಕಗಳಲ್ಲಿ ಸಾಮಾನ್ಯವಾಗಿ ಖಂಡವನ್ನು ಪಡೆಯುವ ರೀತಿಯನ್ನು ವಿಸ್ತಾರವಾಗಿಯೂ, ಅದನ್ನು ಕಳೆಯುವ ರೀತಿಯನ್ನು ಒಂದೆರಡು ಸಾಲುಗಳಲ್ಲಿಯೂ ಹೇಳಿರುತ್ತಾರೆ. ಪ್ರಯೋಗಶಾಲೆಯಲ್ಲಿ ವಿದ್ಯಾರ್ಥಿಗಳು ಎಡವುವುದು ಬಹುಮಟ್ಟಿಗೆ ಎರಡನೆಯದರಲ್ಲಿ. ಆದಕಾರಣ ಈ ಲೇಖನದಲ್ಲಿ ಅದಕ್ಕೇ ಹೆಚ್ಚಿನ ಸ್ಥಳವನ್ನು ಕೊಟ್ಟಿದೆ.

ಪ್ರಕ್ರಿಯೆಗಳು ಪರಸ್ಪರ ವ್ಯವಹರಿಸಲು ಬೇರೆ ಮಾರ್ಗಗಳೂ ಇವೆ. 1973ರಲ್ಲಿ ಯುನಿಕ್ಸ್ ವ್ಯವಸ್ಥೆಗೆ ಸೇರಿದ ಪೈಪು ಅವುಗಳಲ್ಲಿ ಪ್ರಸಿದ್ಧವಾದುದು. ಪೈಪಿನಲ್ಲಿ ಕಳುಹಿಸುವವನ ಸ್ಮೃತಿಯಿಂದ ವ್ಯವಸ್ಥೆಯ ತಿರುಳಾದ ಕರ್ನೆಲ್ಲಿಗೆ ಒಂದು ಪ್ರತಿ, ಕರ್ನೆಲ್ಲಿನಿಂದ ಪಡೆಯುವವನ ಸ್ಮೃತಿಗೆ ಇನ್ನೊಂದು ಪ್ರತಿ, ಹೀಗೆ ಪ್ರತಿಯೊಂದು ಬೈಟೂ ಎರಡು ಬಾರಿ ನಕಲಾಗುತ್ತದೆ. ಅಲ್ಪಸ್ವಲ್ಪ ಮಾತಿಗೆ ಇದು ಸಾಕು. ನೂರಾರು ಮೆಗಾಬೈಟುಗಳ ಕೋಷ್ಟಕವೊಂದನ್ನು ಹತ್ತಾರು ಪ್ರಕ್ರಿಯೆಗಳು ನೋಡಬೇಕಾದಾಗ ಈ ನಕಲಿನ ಹೊರೆ ಸಹಿಸಲಾಗದಷ್ಟು ಆಗುತ್ತದೆ. ಹಂಚಿಕೆಯ ಸ್ಮೃತಿಯಲ್ಲಿ ನಕಲೇ ಇಲ್ಲ. ಯಂತ್ರದ ಸ್ಮೃತಿಯು ಪುಟಗಳಾಗಿ ವಿಭಾಗಿಸಲ್ಪಟ್ಟಿದೆ. ಯಾವ ವಿಳಾಸವು ಯಾವ ಪುಟಕ್ಕೆ ಸೇರಿದ್ದೆಂಬುದನ್ನು ಒಂದೊಂದು ಪ್ರಕ್ರಿಯೆಗೂ ಒಂದೊಂದು ಪಟ್ಟಿಯಲ್ಲಿ ಕರ್ನೆಲ್ಲು ಬರೆದಿಟ್ಟಿರುತ್ತದೆ. ಎರಡು ಪ್ರಕ್ರಿಯೆಗಳ ಪಟ್ಟಿಗಳಲ್ಲಿಯೂ ಒಂದೇ ಪುಟದ ಹೆಸರನ್ನು ಬರೆದುಬಿಟ್ಟರೆ ಆ ಪುಟವು ಇಬ್ಬರಿಗೂ ಸೇರಿದ್ದಾಯಿತು. ಆಮೇಲೆ ಒಬ್ಬನು ಬರೆದುದನ್ನು ಮತ್ತೊಬ್ಬನು ಓದಲು ಕರ್ನೆಲ್ಲಿನ ಅಪ್ಪಣೆ ಬೇಡ.

ಇದಕ್ಕೆ ಬೇಕಾದ ಆಜ್ಞೆಗಳು 1970ರ ದಶಕದಲ್ಲಿ ಬೆಲ್ ಪ್ರಯೋಗಾಲಯದ ಕೊಲಂಬಸ್ ಯುನಿಕ್ಸ್ ಎಂಬ ರೂಪಾಂತರದಲ್ಲಿ ಮೊದಲು ಬಳಕೆಗೆ ಬಂದು, 1983ರಲ್ಲಿ ಹೊರಬಂದ ಸಿಸ್ಟಮ್ ಫೈವ್ ಆವೃತ್ತಿಯ ಮೂಲಕ ಎಲ್ಲೆಡೆಗೂ ಹರಡಿದುವು. ಇಂದಿನ ಲಿನಕ್ಸ್ ವ್ಯವಸ್ಥೆಯಲ್ಲಿಯೂ ಅವು ಅದೇ ಹೆಸರಿನಿಂದಲೇ ಇವೆ. ಮುಖ್ಯವಾದುವು ನಾಲ್ಕು: ಖಂಡವನ್ನು ಪಡೆಯುವುದಕ್ಕೆ ಷಮ್‌ಗೆಟ್, ಅದನ್ನು ತನ್ನ ವಿಳಾಸಪ್ರಪಂಚಕ್ಕೆ ಸೇರಿಸಿಕೊಳ್ಳುವುದಕ್ಕೆ ಷಮ್‌ಅಟ್, ಬಿಡಿಸಿಕೊಳ್ಳುವುದಕ್ಕೆ ಷಮ್‌ಡಿಟಿ, ನಿಯಂತ್ರಿಸುವುದಕ್ಕೂ ಅಳಿಸುವುದಕ್ಕೂ ಷಮ್‌ಸಿಟಿಎಲ್. ಷಮ್ ಎಂಬುದು ಷೇರ್ಡ್ ಮೆಮೊರಿ ಎಂಬುದರ ಸಂಕ್ಷೇಪ.

ಷಮ್‌ಗೆಟ್ ಆಜ್ಞೆಗೆ ಮೂರು ವಿಷಯಗಳನ್ನು ತಿಳಿಸಬೇಕು: ಒಂದು ಕೀಲಿಸಂಖ್ಯೆ, ಬೇಕಾದ ಬೈಟುಗಳ ಸಂಖ್ಯೆ, ಮತ್ತು ಅನುಮತಿಗಳನ್ನು ಸೂಚಿಸುವ ಲಾಂಛನಗಳು. ಪರಸ್ಪರ ಪರಿಚಯವಿಲ್ಲದ ಎರಡು ಪ್ರೋಗ್ರಾಮುಗಳು ಒಂದೇ ಖಂಡವನ್ನು ಹುಡುಕಿಕೊಳ್ಳುವುದು ಕೀಲಿಸಂಖ್ಯೆಯಿಂದ. ಈ ಸಂಖ್ಯೆಯನ್ನು ಒಂದು ಫೈಲಿನ ಹೆಸರಿನಿಂದ ಹುಟ್ಟಿಸಿಕೊಡಲು ಎಫ್‌ಟೋಕ್ ಎಂಬ ಸಾಧನವಿದೆ. ಇದನ್ನು ಅತಿಯಾಗಿ ನಂಬುವುದು ಸರಿಯಲ್ಲ. ಲಿನಕ್ಸಿನಲ್ಲಿ ಅದು ಫೈಲಿನ ಇನೋಡ್ ಸಂಖ್ಯೆಯಿಂದ 16 ಬಿಟ್ಟುಗಳನ್ನೂ, ಡಿಸ್ಕಿನ ಸಂಖ್ಯೆಯಿಂದ 8 ಬಿಟ್ಟುಗಳನ್ನೂ, ನಾವು ಕೊಟ್ಟ ಸಂಖ್ಯೆಯಿಂದ 8 ಬಿಟ್ಟುಗಳನ್ನೂ ತೆಗೆದುಕೊಂಡು ಜೋಡಿಸುತ್ತದೆ. ಇನೋಡ್ ಸಂಖ್ಯೆಯ ಉಳಿದ ಭಾಗವನ್ನು ಅದು ನೋಡುವುದೇ ಇಲ್ಲವಾದ್ದರಿಂದ, ಎರಡು ಬೇರೆ ಬೇರೆ ಫೈಲುಗಳಿಂದ ಒಂದೇ ಕೀಲಿ ಹುಟ್ಟುವ ಸಂಭವವುಂಟು. ಇದಲ್ಲದೆ ಆ ಫೈಲನ್ನು ಅಳಿಸಿ ಅದೇ ಹೆಸರಿನಿಂದ ಮತ್ತೆ ಸೃಷ್ಟಿಸಿದರೆ ಇನೋಡ್ ಬದಲಾಗಿ ಕೀಲಿಯೂ ಬದಲಾಗಬಹುದು; ಹೆಸರು ಅದೇ, ಬಾಗಿಲು ಬೇರೆ. ಎಲ್ಲ ಪ್ರಕ್ರಿಯೆಗಳೂ ಒಂದೇ ತಾಯಿಯ ಮಕ್ಕಳಾಗಿದ್ದರೆ ಕೀಲಿಯ ಗೊಡವೆಯೇ ಬೇಡ. ಐಪಿಸಿ ಪ್ರೈವೇಟ್ ಎಂಬ ವಿಶೇಷ ಕೀಲಿಯಿಂದ ತಾಯಿಯು ಖಂಡವನ್ನು ಪಡೆದು ಸೇರಿಸಿಕೊಂಡು, ಆಮೇಲೆ ಫೋರ್ಕ್ ಆಜ್ಞೆಯಿಂದ ಮಕ್ಕಳನ್ನು ಹುಟ್ಟಿಸಿದರೆ ಅವು ಖಂಡವನ್ನು ಹುಟ್ಟಿನಿಂದಲೇ ಪಡೆದಿರುತ್ತವೆ.

ಷಮ್‌ಅಟ್ ಆಜ್ಞೆಯು ಖಂಡದ ಆದಿವಿಳಾಸವನ್ನು ಹಿಂದಿರುಗಿಸುತ್ತದೆ. ಇಲ್ಲೊಂದು ಸಣ್ಣ ಉರುಳುಂಟು. ಮ್ಯಾಲಕ್ ಮೊದಲಾದ ಆಜ್ಞೆಗಳು ವಿಫಲವಾದಾಗ ಶೂನ್ಯ ವಿಳಾಸವನ್ನು ಕೊಡುವುದು ರೂಢಿ. ಷಮ್‌ಅಟ್ ಮಾತ್ರ ಋಣ ಒಂದನ್ನು ಪಾಯಿಂಟರಿನ ರೂಪದಲ್ಲಿ ಕೊಡುತ್ತದೆ. ರೂಢಿಯಂತೆ ಶೂನ್ಯಕ್ಕಾಗಿ ಪರೀಕ್ಷಿಸಿದವನ ಪ್ರೋಗ್ರಾಮು ವೈಫಲ್ಯವನ್ನು ಗುರುತಿಸದೆ ಮುಂದೆ ಸಾಗಿ, ಮೊದಲನೆಯ ಬರಹದಲ್ಲಿಯೇ ಬಿದ್ದುಹೋಗುತ್ತದೆ.

ಆದಿವಿಳಾಸವು ಎಲ್ಲ ಪ್ರಕ್ರಿಯೆಗಳಲ್ಲಿಯೂ ಒಂದೇ ಆಗಿರಬೇಕೆಂಬ ನಿಯಮವಿಲ್ಲ. ಎರಡು ಮನೆಗಳ ನಡುವೆ ಒಂದು ಬಾವಿಯಿದೆ ಎನ್ನೋಣ. ಒಂದು ಮನೆಯವರಿಗೆ ಅದು ಪೂರ್ವಕ್ಕೆ, ಇನ್ನೊಂದು ಮನೆಯವರಿಗೆ ಪಶ್ಚಿಮಕ್ಕೆ. ಬಾವಿಯ ಕಟ್ಟೆಯ ಮೇಲೆ ‘ಹಗ್ಗವು ಮನೆಯಿಂದ ಪೂರ್ವಕ್ಕೆ ಹತ್ತು ಹೆಜ್ಜೆ’ ಎಂದು ಬರೆದಿಟ್ಟರೆ ಅದು ಒಬ್ಬರಿಗೆ ಮಾತ್ರ ನಿಜ. ‘ಕಟ್ಟೆಯಿಂದ ಎರಡು ಹೆಜ್ಜೆ’ ಎಂದು ಬರೆದರೆ ಇಬ್ಬರಿಗೂ ನಿಜ. ಅಂತೆಯೇ ಖಂಡದೊಳಗೆ ಪಾಯಿಂಟರುಗಳನ್ನು ಬರೆದಿಡಕೂಡದು. ಖಂಡದ ಆದಿಯಿಂದ ಎಷ್ಟು ಬೈಟು ದೂರವೆಂಬ ಅಂತರವನ್ನು ಬರೆದಿಟ್ಟು, ಓದುವವನು ತನ್ನ ಆದಿವಿಳಾಸಕ್ಕೆ ಅದನ್ನು ಕೂಡಿಕೊಳ್ಳಬೇಕು. ಸಂಬಂಧಸರಣಿಗಳನ್ನು, ಎಂದರೆ ಲಿಂಕ್ಡ್ ಲಿಸ್ಟುಗಳನ್ನು, ಖಂಡದೊಳಗೆ ಕಟ್ಟುವವರು ಈ ಮಾತನ್ನು ಮರೆಯಬಾರದು. ಫೋರ್ಕಿನಿಂದ ಹುಟ್ಟಿದ ಮಕ್ಕಳಲ್ಲಿ ಆದಿವಿಳಾಸವು ತಾಯಿಯದೇ ಆಗಿರುವುದರಿಂದ ಅಲ್ಲಿ ಈ ತಪ್ಪು ಬೆಳಕಿಗೆ ಬರುವುದಿಲ್ಲ. ಎಂದೋ ಒಂದು ದಿನ ಬೇರೆ ಪ್ರೋಗ್ರಾಮು ಅದೇ ಖಂಡವನ್ನು ಓದಹೊರಟಾಗ ಬರುತ್ತದೆ.

ಇನ್ನು ಏಕಕಾಲದ ಬರಹದ ತೊಡಕು. ಖಂಡದಲ್ಲಿ ಒಂದು ಎಣಿಕೆಯಿದೆ. ಎರಡು ಪ್ರಕ್ರಿಯೆಗಳು ಒಂದೊಂದೂ 1,00,000 ಬಾರಿ ಅದಕ್ಕೆ ಒಂದನ್ನು ಕೂಡುತ್ತವೆ. ಕೊನೆಯಲ್ಲಿ 2,00,000 ಬರಬೇಕಷ್ಟೆ. ಬರುವುದು ಅದಕ್ಕಿಂತ ಕಡಿಮೆ, ಅದೂ ಒಂದೊಂದು ಸಲ ಒಂದೊಂದು ಸಂಖ್ಯೆ. ಕಾರಣವೇನೆಂದರೆ, ಸಿ ಭಾಷೆಯಲ್ಲಿ ಒಂದೇ ಕ್ರಿಯೆಯಾಗಿ ಕಾಣುವ ಕೂಡಿಕೆಯು ಯಂತ್ರದಲ್ಲಿ ಓದುವುದು, ಕೂಡುವುದು, ಬರೆಯುವುದು ಎಂಬ ಮೂರು ಹೆಜ್ಜೆಗಳಾಗಿ ನಡೆಯುತ್ತದೆ. ಹೀಗೆ ಕಳೆದುಹೋಗುವ ಮೊತ್ತಕ್ಕೆ ಮಿತಿಯೆಷ್ಟು ಎಂದು ತರಗತಿಯಲ್ಲಿ ಕೇಳಿದರೆ ಹೆಚ್ಚು ಮಂದಿ ಅರ್ಧದಷ್ಟು ಎನ್ನುತ್ತಾರೆ. ತರ್ಕತಃ ಕೊನೆಯ ಬೆಲೆ 2ರವರೆಗೂ ಇಳಿಯಬಹುದು. ಮೊದಲನೆಯ ಪ್ರಕ್ರಿಯೆ ಶೂನ್ಯವನ್ನು ಓದಿ ನಿಂತಿದೆ. ಅಷ್ಟರಲ್ಲಿ ಎರಡನೆಯದು ತನ್ನ 99,999 ಕೂಡಿಕೆಗಳನ್ನು ಮುಗಿಸುತ್ತದೆ. ಆಗ ಮೊದಲನೆಯದು ಎಚ್ಚೆತ್ತು 1 ಎಂದು ಬರೆಯುತ್ತದೆ. ಎರಡನೆಯದು ತನ್ನ ಕೊನೆಯ ಕೂಡಿಕೆಗಾಗಿ ಆ 1ನ್ನು ಓದಿ ನಿಲ್ಲುತ್ತದೆ. ಮೊದಲನೆಯದು ತನ್ನ ಪಾಲಿನ ಕೆಲಸವನ್ನೆಲ್ಲ ಪೂರೈಸಿ ಹೊರಟುಹೋದ ಮೇಲೆ, ಎರಡನೆಯದು 2 ಎಂದು ಬರೆದು ಮುಗಿಸುತ್ತದೆ. ವಾಲಟೈಲ್ ಎಂಬ ವಿಶೇಷಣವನ್ನು ಹಚ್ಚಿದರೆ ಇದು ಸರಿಹೋಗುವುದೆಂಬ ನಂಬಿಕೆ ಕೆಲವರಲ್ಲಿದೆ; ಅದು ಸರಿಯಲ್ಲ. 1960ರ ದಶಕದಲ್ಲಿ ಹಾಲೆಂಡಿನ ಡೈಕ್‌ಸ್ಟ್ರ ನಿರೂಪಿಸಿದ ಸೆಮಫೋರನ್ನಾಗಲಿ, ಪ್ರಕ್ರಿಯೆಗಳ ನಡುವೆ ಹಂಚಿಕೊಳ್ಳಬಲ್ಲ ಮ್ಯೂಟೆಕ್ಸ್ ಬೀಗವನ್ನಾಗಲಿ ಬಳಸಿ, ಒಂದು ಸಲಕ್ಕೆ ಒಬ್ಬನೇ ಬರೆಯುವಂತೆ ಮಾಡಬೇಕು. ಕೇವಲ ಒಂದು ಎಣಿಕೆಗಾದರೆ 2011ರ ಸಿ ಭಾಷಾಪ್ರಮಾಣದಲ್ಲಿ ಸೇರಿದ ಅವಿಭಾಜ್ಯ ಕ್ರಿಯೆಗಳು ಸಾಕು.

ಇಲ್ಲಿಯವರೆಗಿನ ತೊಡಕುಗಳೆಲ್ಲ ಖಂಡವನ್ನು ಬಳಸುತ್ತಿರುವಾಗಿನವು. ಬಳಸಿ ಮುಗಿದ ಮೇಲಿನ ತೊಡಕು ಬೇರೆಯ ಬಗೆಯದು. ಪ್ರಕ್ರಿಯೆಯೊಂದು ಕೊನೆಗೊಂಡಾಗ ಅದು ತೆರೆದಿದ್ದ ಫೈಲುಗಳನ್ನು ಕರ್ನೆಲ್ಲು ಮುಚ್ಚುತ್ತದೆ. ಅದರ ಸ್ವಂತ ಸ್ಮೃತಿಯನ್ನೆಲ್ಲ ಹಿಂದಕ್ಕೆ ಪಡೆಯುತ್ತದೆ. ಸೇರಿಸಿಕೊಂಡಿದ್ದ ಖಂಡಗಳನ್ನೂ ಅದರಿಂದ ಬಿಡಿಸುತ್ತದೆ. ಆದರೆ ಖಂಡವನ್ನು ಅಳಿಸುವುದಿಲ್ಲ! ಸಿಸ್ಟಮ್ ಫೈವ್ ಖಂಡವು ಪ್ರಕ್ರಿಯೆಯ ಸೊತ್ತಲ್ಲ, ಕರ್ನೆಲ್ಲಿನ ಸೊತ್ತು. ಅದನ್ನು ಬಳಸುವವನು ಒಬ್ಬನೂ ಉಳಿಯದಿದ್ದರೂ, ಯಾರಾದರೂ ಸ್ಪಷ್ಟವಾಗಿ ಅಳಿಸುವವರೆಗೆ ಅಥವಾ ಯಂತ್ರವನ್ನು ನಿಲ್ಲಿಸಿ ಮತ್ತೆ ಹೊರಡಿಸುವವರೆಗೆ ಅದು ತನ್ನ ಅಕ್ಷರಗಳನ್ನು ಹೊತ್ತು ಕುಳಿತಿರುತ್ತದೆ. ಐಪಿಸಿಎಸ್ ಎಂಬ ಆಜ್ಞೆಯನ್ನು ಎಂ ಎಂಬ ಸೂಚನೆಯೊಡನೆ ಕೊಟ್ಟರೆ ಯಂತ್ರದಲ್ಲಿರುವ ಖಂಡಗಳ ಪಟ್ಟಿ ದೊರೆಯುತ್ತದೆ. ಒಂದು ಅವಧಿಯ ಪಾಠಗಳು ಮುಗಿದ ಮೇಲೆ ಪ್ರಯೋಗಶಾಲೆಯ ಯಂತ್ರದಲ್ಲಿ ಈ ಪಟ್ಟಿಯನ್ನು ತೆಗೆದು ನೋಡುವುದು ಬೋಧಕರಿಗೆ ಬೋಧಪ್ರದವಾದ ಅನುಭವ. ಎನ್‌ಅಟಾಚ್ ಎಂಬ ಅಂಕಣವು ಎಷ್ಟು ಪ್ರಕ್ರಿಯೆಗಳು ಖಂಡಕ್ಕೆ ಸೇರಿಕೊಂಡಿವೆ ಎಂಬುದನ್ನು ಹೇಳುತ್ತದೆ. ಅಲ್ಲಿ ಸಾಲುಸಾಲಾಗಿ ಸೊನ್ನೆಗಳು ಕಾಣುತ್ತವೆ. ಅವೆಲ್ಲ ವಾರಸುದಾರರಿಲ್ಲದ ಸೊತ್ತುಗಳು.

ಇದರಿಂದ ಸ್ಮೃತಿಯು ವ್ಯರ್ಥವಾಗುವುದಷ್ಟೇ ಆಗಿದ್ದರೆ ಹೆಚ್ಚು ಚಿಂತಿಸಬೇಕಾಗಿರಲಿಲ್ಲ. ನಿಜವಾದ ಅಪಾಯವು ಹಳೆಯ ಅಕ್ಷರಗಳಲ್ಲಿದೆ. ಹೊಸದಾಗಿ ಸೃಷ್ಟಿಯಾದ ಖಂಡದಲ್ಲಿ ಎಲ್ಲ ಬೈಟುಗಳೂ ಸೊನ್ನೆಯಾಗಿರುತ್ತವೆ. ಇದನ್ನು ನಂಬಿ ವಿದ್ಯಾರ್ಥಿಯು ಎಣಿಕೆಗೆ ಆರಂಭದ ಬೆಲೆಯನ್ನು ಕೊಡದೆ ಬಿಡುತ್ತಾನೆ. ಮೊದಲನೆಯ ಸಲ ಉತ್ತರ ಸರಿಯಾಗಿ ಬರುತ್ತದೆ. ಎರಡನೆಯ ಸಲ ಅದೇ ಕೀಲಿಗೆ ನಿನ್ನೆಯ ಖಂಡವೇ ದೊರೆಯುವುದರಿಂದ ಎಣಿಕೆಯು ನಿನ್ನೆ ಬಿಟ್ಟಲ್ಲಿಂದ ಮುಂದುವರಿಯುತ್ತದೆ. ಪ್ರೋಗ್ರಾಮು ಬೀಳುವುದಿಲ್ಲ, ದೋಷಸೂಚನೆ ಬರುವುದಿಲ್ಲ, ಉತ್ತರ ಮಾತ್ರ ತಪ್ಪು. ತಪ್ಪು ಕಣ್ಣಿಗೆ ಹೊಡೆಯುವಷ್ಟು ದೊಡ್ಡದಾಗಿದ್ದರೆ ಪುಣ್ಯ. ಇನ್ನೊಂದು ಬಗೆಯ ಅನುಭವವೂ ಉಂಟು: ರಚನೆಗೆ ಹೊಸ ಅಂಶವನ್ನು ಸೇರಿಸಿ ಗಾತ್ರವನ್ನು ಹೆಚ್ಚಿಸಿದ ಮರುಕ್ಷಣವೇ ಷಮ್‌ಗೆಟ್ ‘ಅಸಿಂಧು ಮೌಲ್ಯ’ವೆಂದು ದೂರುತ್ತದೆ. ಅದೇ ಕೀಲಿಯ ಹಳೆಯ ಖಂಡವು ಚಿಕ್ಕದಾಗಿ ಅಲ್ಲಿಯೇ ಇರುವುದರಿಂದ ಹಾಗಾಗುತ್ತದೆ. ಬರೆದ ಹೊಸ ಸಾಲುಗಳಲ್ಲಿ ದೋಷವನ್ನು ಹುಡುಕಿ ಫಲವಿಲ್ಲ. ಸೃಷ್ಟಿಸುವಾಗ ಐಪಿಸಿ ಎಕ್ಸೆಲ್ ಎಂಬ ಲಾಂಛನವನ್ನೂ ಸೇರಿಸಿದರೆ, ಖಂಡವು ಮೊದಲೇ ಇದ್ದಲ್ಲಿ ಆಜ್ಞೆಯು ವಿಫಲವಾಗುತ್ತದೆ. ತಾನು ಸೃಷ್ಟಿಸಿದವನೋ ಇದ್ದುದನ್ನು ಪಡೆದವನೋ ಎಂಬುದು ಪ್ರೋಗ್ರಾಮಿಗೆ ನಿಸ್ಸಂದೇಹವಾಗಿ ತಿಳಿಯುವ ಮಾರ್ಗ ಇದೊಂದೇ.

ಅಳಿಸುವ ಆಜ್ಞೆ ಷಮ್‌ಸಿಟಿಎಲ್. ಅದಕ್ಕೆ ಕೊಡುವ ಸೂಚನೆ ಐಪಿಸಿ ಆರ್‌ಎಂಐಡಿ. ಹೆಸರು ಅಳಿಸುವುದೆಂದಿದ್ದರೂ ಅದು ಮಾಡುವುದು ಖಂಡವನ್ನು ಅಳಿವಿಗೆ ಗುರುತು ಹಾಕುವುದನ್ನು ಮಾತ್ರ. ಎನ್‌ಅಟಾಚ್ ಸೊನ್ನೆಗೆ ಇಳಿದಾಗ, ಎಂದರೆ ಕೊನೆಯವನು ಬಿಟ್ಟುಹೋದಾಗ, ಅದು ನಿಜವಾಗಿ ಅಳಿಯುತ್ತದೆ. ಈ ನಿಯಮವನ್ನು ಬಲ್ಲವರು ಅದನ್ನು ಉಪಾಯವಾಗಿ ಬಳಸುತ್ತಾರೆ. ತಾಯಿಯು ಖಂಡವನ್ನು ಪಡೆದು, ಸೇರಿಸಿಕೊಂಡ ಕೂಡಲೇ, ಕೆಲಸವನ್ನು ಆರಂಭಿಸುವುದಕ್ಕೆ ಮೊದಲೇ, ಅಳಿವಿನ ಗುರುತನ್ನು ಹಾಕಿಬಿಡುತ್ತದೆ. ಅನಂತರ ಮಕ್ಕಳು ಹುಟ್ಟಿ ಖಂಡವನ್ನು ಯಥೇಚ್ಛವಾಗಿ ಬಳಸಬಹುದು. ಪ್ರೋಗ್ರಾಮು ಸರಿಯಾಗಿ ಮುಗಿಯಲಿ, ನಡುವೆ ಬೀಳಲಿ, ಸಿಗ್‌ಕಿಲ್ ಎಂಬ ತಡೆಯಲಾಗದ ಸಂಕೇತದಿಂದ ಕೊಲ್ಲಲ್ಪಡಲಿ, ಕೊನೆಯವನು ಹೋದೊಡನೆ ಖಂಡವೂ ಹೋಗುತ್ತದೆ. ಕೊನೆಯ ಸಾಲಿನಲ್ಲಿ ಅಳಿಸುವ ಆಜ್ಞೆಯನ್ನಿಟ್ಟ ಪ್ರೋಗ್ರಾಮು ಕೊನೆಯ ಸಾಲನ್ನು ತಲಪುವುದೆಂಬ ಭರವಸೆಯೇನಿಲ್ಲವಾದ್ದರಿಂದ ಈ ಕ್ರಮವೇ ಮೇಲೆಂದು ನಮ್ಮ ಅಭಿಪ್ರಾಯ.

ಆದರೆ ಸಂಬಂಧವಿಲ್ಲದ ಪ್ರಕ್ರಿಯೆಗಳು ಕೀಲಿಯಿಂದ ಕೂಡುವಲ್ಲಿ ಇದು ನಡೆಯದು. ಗುರುತು ಬಿದ್ದ ಖಂಡವು ಲಿನಕ್ಸಿನಲ್ಲಿ ತನ್ನ ಕೀಲಿಯನ್ನು ಕಳೆದುಕೊಳ್ಳುತ್ತದೆ. ಆಮೇಲೆ ಅದೇ ಕೀಲಿಯಿಂದ ಕೇಳಿದವನಿಗೆ ಬೇರೆಯೇ ಒಂದು ಹೊಸ ಖಂಡವು ಸೃಷ್ಟಿಯಾಗುತ್ತದೆ. ಹಳಬರು ಹಳೆಯದರಲ್ಲಿ, ಹೊಸಬರು ಹೊಸದರಲ್ಲಿ ಬರೆಯುತ್ತಾ, ತಾವೆಲ್ಲ ಒಂದೇ ಬಾವಿಯ ನೀರನ್ನು ಸೇದುತ್ತಿದ್ದೇವೆಂದು ನಂಬಿರುತ್ತಾರೆ. ಕಾಲ ಮೀರಿ ನಿಲ್ಲಬೇಕಾದ ಖಂಡಕ್ಕೆ ಒಬ್ಬ ನಿಶ್ಚಿತ ಒಡೆಯನಿರುವುದು ಆವಶ್ಯಕ.

ಪಾಸಿಕ್ಸ್ ಪ್ರಮಾಣದ 1993ರ ಭಾಗದಲ್ಲಿ ಇದಕ್ಕೆ ಬೇರೊಂದು ರೂಪವುಂಟು. ಅಲ್ಲಿ ಕೀಲಿಸಂಖ್ಯೆಯ ಬದಲು ಹೆಸರು. ಖಂಡವನ್ನು ಫೈಲಿನಂತೆ ತೆರೆದು, ಗಾತ್ರವನ್ನು ನಿಗದಿಮಾಡಿ, ಎಂಮ್ಯಾಪ್ ಆಜ್ಞೆಯಿಂದ ಸೇರಿಸಿಕೊಳ್ಳುವುದು. ಲಿನಕ್ಸಿನಲ್ಲಿ ಇವು ಫೈಲುಗಳ ಪಟ್ಟಿಯಲ್ಲಿಯೇ ಕಣ್ಣಿಗೆ ಕಾಣುವುದರಿಂದ ನಿರ್ವಹಣೆ ಸುಲಭ. ಹೊಸದಾಗಿ ಬರೆಯುವವರು ಇದನ್ನೇ ಆರಿಸಿಕೊಳ್ಳುವುದು ಒಳ್ಳೆಯದು. ಅಳಿವಿನ ಪ್ರಶ್ನೆ ಮಾತ್ರ ಇಲ್ಲಿಯೂ ಹಾಗೆಯೇ ಉಳಿದಿದೆ. ಹೆಸರನ್ನು ತೆಗೆದುಹಾಕದಿದ್ದರೆ ಖಂಡವು ಪ್ರಕ್ರಿಯೆಯನ್ನು ಮೀರಿ ಬದುಕುತ್ತದೆ.

ಹೀಗಿದ್ದರೂ ಹಳೆಯ ರೂಪದ ಒಂದು ಗುಣಕ್ಕೆ ಹೊಸದರಲ್ಲಿ ಸಾಟಿಯಿಲ್ಲ. ಪೋಸ್ಟ್‌ಗ್ರೆಸ್ ಎಂಬ ದತ್ತಾಂಶಕೋಶದ ಉದಾಹರಣೆಯಿಂದ ಅದು ಸ್ಪಷ್ಟವಾಗುತ್ತದೆ. ಸಿ ಭಾಷೆಯಲ್ಲಿಯೇ ಬರೆಯಲ್ಪಟ್ಟ ಈ ವ್ಯವಸ್ಥೆಯಲ್ಲಿ ಒಂದು ಮುಖ್ಯಪ್ರಕ್ರಿಯೆಯೂ, ಒಂದೊಂದು ಸಂಪರ್ಕಕ್ಕೆ ಒಂದೊಂದರಂತೆ ಅದರ ಮಕ್ಕಳೂ ಇದ್ದು, ಎಲ್ಲರೂ ದೊಡ್ಡದೊಂದು ಹಂಚಿಕೆಯ ಸ್ಮೃತಿಯನ್ನು ಬಳಸುತ್ತಾರೆ. ಮೊದಲು ಅದೆಲ್ಲವೂ ಸಿಸ್ಟಮ್ ಫೈವ್ ಖಂಡವಾಗಿತ್ತು. ಲಿನಕ್ಸಿನಲ್ಲಿ 2014ರವರೆಗೆ ಒಂದು ಖಂಡದ ಗಾತ್ರದ ವಾಡಿಕೆಯ ಮಿತಿ 32 ಮೆಗಾಬೈಟು ಮಾತ್ರವಿದ್ದುದರಿಂದ, ಕರ್ನೆಲ್ಲಿನ ಮಿತಿಗಳನ್ನು ಏರಿಸಿಕೊಳ್ಳುವುದು ಇದನ್ನು ಸ್ಥಾಪಿಸುವವರ ಮೊದಲ ಕೆಲಸವಾಗಿತ್ತು. 2013ರ 9.3ನೆಯ ಆವೃತ್ತಿಯಲ್ಲಿ ದೊಡ್ಡ ಭಾಗವನ್ನು ಎಂಮ್ಯಾಪಿಗೆ ವರ್ಗಾಯಿಸಿದರು. ಆದರೆ ಐವತ್ತರ ಆಸುಪಾಸಿನ ಬೈಟುಗಳ ಒಂದು ಪುಟ್ಟ ಸಿಸ್ಟಮ್ ಫೈವ್ ಖಂಡವನ್ನು ಉಳಿಸಿಕೊಂಡರು. ಕಾರಣ ಎನ್‌ಅಟಾಚ್.

ಮುಖ್ಯಪ್ರಕ್ರಿಯೆಯನ್ನು ಯಾರೋ ಸಿಗ್‌ಕಿಲ್‌ನಿಂದ ಕೊಂದರೆನ್ನೋಣ. ಮಕ್ಕಳಲ್ಲಿ ಒಂದೆರಡು ಇನ್ನೂ ಬದುಕಿದ್ದು ಫೈಲುಗಳಿಗೆ ಬರೆಯುತ್ತಿವೆ. ನಿರ್ವಾಹಕನು ವ್ಯವಸ್ಥೆಯನ್ನು ಮತ್ತೆ ಹೊರಡಿಸುತ್ತಾನೆ. ಬೀಗದ ಫೈಲಿನಲ್ಲಿ ಬರೆದಿರುವ ಪ್ರಕ್ರಿಯಾಸಂಖ್ಯೆಯನ್ನು ಹೊಸ ಮುಖ್ಯಪ್ರಕ್ರಿಯೆ ಪರೀಕ್ಷಿಸಿದರೆ ಅದು ಸತ್ತವನ ಸಂಖ್ಯೆ. ಇಷ್ಟನ್ನೇ ನಂಬಿ ಮುಂದುವರಿದರೆ, ಹಳೆಯ ಮಕ್ಕಳೂ ಹೊಸ ಮಕ್ಕಳೂ ಒಬ್ಬರನ್ನೊಬ್ಬರು ಅರಿಯದೆ ಒಂದೇ ಫೈಲುಗಳಿಗೆ ಬರೆದು ದತ್ತಾಂಶವನ್ನು ಸರಿಪಡಿಸಲಾಗದಂತೆ ಕೆಡಿಸುತ್ತಾರೆ. ಆದರೆ ಅದೇ ಬೀಗದ ಫೈಲಿನಲ್ಲಿ ಪುಟ್ಟ ಖಂಡದ ಗುರುತೂ ಇದೆ. ಅದರ ಎನ್‌ಅಟಾಚ್ ಸೊನ್ನೆಯಲ್ಲದಿದ್ದರೆ ಹಳಬರಲ್ಲಿ ಯಾರೋ ಉಳಿದಿದ್ದಾರೆಂದು ಅರ್ಥ. ಹೊಸದು ಕೆಲಸವನ್ನು ಆರಂಭಿಸಲು ನಿರಾಕರಿಸುತ್ತದೆ. ಈ ಲೆಕ್ಕವನ್ನು ಇಡುವವನು ಕರ್ನೆಲ್ಲಾದುದರಿಂದ ಯಾವ ಪ್ರಕ್ರಿಯೆ ಹೇಗೆ ಸತ್ತರೂ ಲೆಕ್ಕ ತಪ್ಪುವುದಿಲ್ಲ. ಪ್ರಯೋಗಶಾಲೆಯಲ್ಲಿ ಕಸವಾಗಿ ಕಂಡ ಗುಣವೇ, ಎಂದರೆ ಒಡೆಯನನ್ನು ಮೀರಿ ಬದುಕುವ ಗುಣವೇ, ಇಲ್ಲಿ ಕಾವಲಾಗಿದೆ. ಆದಕಾರಣ ಲಿನಕ್ಸಿನ ಸಿಸ್ಟಮ್‌ಡಿ ಎಂಬ ನಿರ್ವಹಣಾ ವ್ಯವಸ್ಥೆಯಲ್ಲಿ, ಬಳಕೆದಾರನು ನಿರ್ಗಮಿಸಿದೊಡನೆ ಅವನ ಖಂಡಗಳನ್ನು ತಾನಾಗಿ ಗುಡಿಸಿಹಾಕುವ ಏರ್ಪಾಡಿನ ಬಗ್ಗೆ ಪೋಸ್ಟ್‌ಗ್ರೆಸ್ ಕೈಪಿಡಿಯು ಎಚ್ಚರಿಕೆಯನ್ನು ಕೊಟ್ಟಿದೆ. ವ್ಯವಸ್ಥೆಯ ಖಾತೆಗಳಿಗೆ ಈ ಗುಡಿಸುವಿಕೆ ಅನ್ವಯಿಸದು. ಸಾಮಾನ್ಯ ಖಾತೆಯಲ್ಲಿ ದತ್ತಾಂಶಕೋಶವನ್ನು ನಡೆಸುವವರು ರಿಮೂವ್ ಐಪಿಸಿ ಎಂಬ ಆಯ್ಕೆಯನ್ನು ನಿಲ್ಲಿಸಿಕೊಳ್ಳಬೇಕು.

ಕೊನೆಯದಾಗಿ, ಬೀಗವನ್ನು ಹಿಡಿದಿರುವಾಗಲೇ ಸತ್ತವನ ವಿಚಾರ. ಕರ್ನೆಲ್ಲು ಎನ್‌ಅಟಾಚನ್ನು ಇಳಿಸುತ್ತದೆ, ಆದರೆ ಖಂಡದೊಳಗೆ ಅರ್ಧ ಬರೆದು ಬಿಟ್ಟುದರ ಅರ್ಥ ಅದಕ್ಕೆ ತಿಳಿಯದು. ಸಾಧಾರಣ ಬೀಗವಾದರೆ ಉಳಿದವರು ಎಂದೆಂದಿಗೂ ಕಾಯುತ್ತ ನಿಲ್ಲುತ್ತಾರೆ. 2008ರ ಪಾಸಿಕ್ಸ್ ಪ್ರಮಾಣದಲ್ಲಿ ಸೇರಿದ ದೃಢಬೀಗವಾದರೆ, ಅದನ್ನು ಮುಂದೆ ಪಡೆದವನಿಗೆ ಒಡೆಯನು ಸತ್ತನೆಂಬ ಸೂಚನೆ ದೊರೆಯುತ್ತದೆ. ಆಗ ಅವನು ಖಂಡವನ್ನು ಪರೀಕ್ಷಿಸಿ, ಕೆಟ್ಟುದನ್ನು ಸರಿಪಡಿಸಿ, ಸರಿಯಾಯಿತೆಂದು ಸಾರಿದ ಮೇಲೆಯೇ ಬೀಗವನ್ನು ಬಿಡಬೇಕು. ಸಾರದೆ ಬಿಟ್ಟರೆ ಆ ಬೀಗವು ಮತ್ತಾರಿಗೂ ದೊರೆಯದಂತಾಗುತ್ತದೆ. ಸರಿಪಡಿಸುವುದೆಂದರೆ ಪ್ರತಿಯೊಂದು ಅರ್ಧಬರಹವನ್ನೂ ಗುರುತಿಸಬಲ್ಲಷ್ಟು ಮುನ್ನೋಟದಿಂದ ರಚನೆಯನ್ನು ಹೂಡಿರಬೇಕು; ಬರೆಯುವವರು ಹೆಚ್ಚಾಗಿ ಅಷ್ಟು ದೂರ ಹೋಗಿರುವುದಿಲ್ಲ. ಪೋಸ್ಟ್‌ಗ್ರೆಸ್ ಇಂಥ ಸಂಧಾನಕ್ಕೆ ಕೈಹಾಕುವುದಿಲ್ಲ. ಮಕ್ಕಳಲ್ಲಿ ಒಂದು ಅಸಹಜವಾಗಿ ಸತ್ತರೂ ಹಂಚಿಕೆಯ ಸ್ಮೃತಿಯೆಲ್ಲವೂ ಸಂಶಯಾಸ್ಪದವೆಂದು ಭಾವಿಸಿ, ಮುಖ್ಯಪ್ರಕ್ರಿಯೆಯು ಉಳಿದ ಮಕ್ಕಳನ್ನೆಲ್ಲ ನಿಲ್ಲಿಸುತ್ತದೆ. ಆ ಸ್ಮೃತಿಯನ್ನು ಮೊದಲಿನಿಂದ ರಚಿಸಿ, ಡಿಸ್ಕಿನಲ್ಲಿ ಬರೆದಿಟ್ಟ ದಿನಚರಿಯನ್ನು ಓದಿಕೊಂಡು ಪೂರ್ವಸ್ಥಿತಿಯನ್ನು ಪಡೆದು ಮತ್ತೆ ಬಾಗಿಲನ್ನು ತೆರೆಯುತ್ತದೆ.